ಹೆತ್ತೂರಿನ ಪರದೆಯ ಮೇಲೆ ಗಂಗಾಮಣಿಯ ಹೆಸರು

೧

ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರಿಗೂ ಇದೇ ತಾಪತ್ರಯ. ಸ್ವಿಚ್ ಒತ್ತಿದಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಮೊದಲ ನಾಲ್ಕು ಹೆಜ್ಜೆ ಹೇಳಿಕೊಡಲು ಬೂಟ್ ಕೋಡ್ ಎಂಬ ಪುಟ್ಟ ಪ್ರೋಗ್ರಾಂ ಬೇಕು. ೨೦೦೧ರಲ್ಲಿ, ಹಾನುಬಾಳಿನ ರುದ್ರಯ್ಯನವರ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದ ಗಂಗಾಮಣಿ ಅಂಥದ್ದೊಂದನ್ನು ಒಬ್ಬಳೇ ಬರೆದು ಫ್ಲಾಪಿಗೆ ಹಾಕಿದ್ದಳು. ಪರದೆಯ ಮೇಲೆ ಮೊದಲು ಅವಳ ಹೆಸರು ಬರುತ್ತಿತ್ತು, ಆಮೇಲೆ ಸುತ್ತಲಿನ ಎಸ್ಟೇಟುಗಳ ಆಳುಗಳ ಹಾಜರಿ.

(ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಪೂಜಿತಾ ಎಂಬವಳು ಇರಲಿಲ್ಲ. ಗಂಗಾಮಣಿಗೆ ಈಗಲೂ ಆ ಡ್ರಾಫ್ಟೇ ಇಷ್ಟ.)

೨

ಹೆತ್ತೂರಿನ ಎಸ್ಟೇಟ್ ಆಫೀಸಿನ ಯಂತ್ರ ಮಾತ್ರ ಅವಳ ಹೆಸರು ತೋರಿಸಿ ನಿಂತುಬಿಡುತ್ತಿತ್ತು. ಗಂಗಾಮಣಿ ಮೂರು ಸಲ ಜೀಪಿನಲ್ಲಿ ಹೋಗಿ ಬರಿಗೈಲಿ ಬಂದಳು. ರುದ್ರಯ್ಯ ಎರಡು ತಿಂಗಳ ಹಿಂದಷ್ಟೇ ಸೇರಿದ್ದ ಪೂಜಿತಾಳನ್ನು ಕಳಿಸಿದರು. ಅವಳು ಸರಿಮಾಡಿ ಮಧ್ಯಾಹ್ನದ ಬಸ್ಸಿಗೇ ವಾಪಸ್.

ಅಕ್ಷರ ಮೂಡಿಸುವುದು ವಿಡಿಯೋ ಕಾರ್ಡಿನೊಳಗಿನ ಪ್ರೋಗ್ರಾಂ. ಆ ಕಾರ್ಡಿನದು ಕೆಟ್ಟದ್ದು; ಕರೆದ ಕೆಲಸ ಮುಗಿಸಿ ಹೋಗುವಾಗ ನಾವು ಇಟ್ಟುಕೊಂಡ ಅಂಕಿಗಳನ್ನೆಲ್ಲ ಕಲಸಿ ಹೋಗುತ್ತದೆ ಎಂದು ಪೂಜಿತಾ ಸೆಂಟರಿನಲ್ಲಿ ಎಲ್ಲರೆದುರು ವಿವರಿಸಿದಳು.

“ನೆಂಟ್ರಿಗೆ ಅಡುಗೆಮನೆ ಬಿಡೋಕ್ ಮುಂಚೆ ನಮ್ ಡಬ್ಬಿ ಎಲ್ಲಾ ಅಟ್ಟಕ್ಕೆ ಎತ್ತಿಡ್ತೀವಲ್ಲ, ಅಷ್ಟೇ ಸಾರ್.”

ಕರೆಯುವ ಮುನ್ನ ಎಲ್ಲ ಎತ್ತಿಡು, ಬಂದ ಮೇಲೆ ಇಳಿಸಿಕೋ. ಎರಡೇ ಸಾಲು ಸೇರಿಸಿದ್ದಳು.

ಗಂಗಾಮಣಿಗೆ ಹೊಟ್ಟೆಕಿಚ್ಚು ಬಂತು. (ನಾನು ‘ಕಸಿವಿಸಿ’ ಎಂದು ಬರೆದಿದ್ದೆ. ಅವಳೇ ಹೊಡೆದುಹಾಕಿಸಿದಳು.)

೩

ಗಂಗಾಮಣಿಯ ಕೋಡ್ ಆ ಕಾರ್ಡನ್ನು ಕರೆಯುತ್ತಿದ್ದದ್ದು ಒಂದೇ ಕಡೆ, ಹೆಸರು ಬರೆಸಲು. ಹೆಸರು ಬೇಡವೆಂದಿದ್ದರೆ ತೊಂದರೆಯೇ ಇರಲಿಲ್ಲ.

“ಹೆಸ್ರೇ ತೆಗ್ದಿದ್ರೆ ಸುಲಭ ಆಗ್ತಿತ್ತಲ್ಲೇ?” ಎಂದು ಪೂಜಿತಾಳನ್ನು ಕೇಳಿದಳು.

“ಆಗ್ತಿತ್ತಕ್ಕ. ಆದ್ರೆ ನೀವ್ ಬರ್ದಿದ್ದು ಅಂತ ಗೊತ್ತಾಗೋಕೆ ಅದೊಂದೇ ಐತೆ, ಹೆಂಗ್ ತೆಗೀಲಿ?”

ತೆಗೆದಿದ್ದರೆ ಮನಸಾರೆ ಜಗಳವಾಡಬಹುದಿತ್ತು. ಅದಕ್ಕೂ ಕಲ್ಲು ಬಿತ್ತು.

೪

ಮುಕ್ತಾಯ ಒಂದು: ಗಂಗಾಮಣಿ ಆ ಎರಡು ಸಾಲನ್ನು ಅಳಿಸುತ್ತಾಳೆ. (ತೀರಾ ಸಿನಿಮಾ ಆಯಿತು.)

ಮುಕ್ತಾಯ ಎರಡು: ತನ್ನ ಹೆಸರಿನ ಕೆಳಗೆ ಪೂಜಿತಾಳ ಹೆಸರನ್ನೂ ಸೇರಿಸುತ್ತಾಳೆ. ಇದನ್ನು ಪೂರ್ತಿ ಬರೆದು ಗಂಗಾಮಣಿಗೆ ಓದಿ ಹೇಳಿದೆ.

“ನಿಮ್ಗೇನ್ರೀ,” ಅಂದಳು, “ಕಥೆ ಮೇಲೆ ನಿಮ್ಮೊಬ್ರುದೇ ಹೆಸ್ರು ಐತೆ.”

ಆ ಮುಕ್ತಾಯವನ್ನೂ ಹರಿದುಹಾಕಿದೆ.

೫

ನಡೆದದ್ದು ಇಷ್ಟು: ಪೂಜಿತಾ ಸರಿಮಾಡಿ ಬಂದ ಮರುದಿನ ಗಂಗಾಮಣಿಯೇ ಹೆತ್ತೂರಿಗೆ ಹೋದಳು. ಪೂಜಿತಾಳ ಫ್ಲಾಪಿ ಹಾಕಿದಳು. ಹೆಸರು ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದು ಹೋಯಿತು, ಹಾಜರಿ ತೆರೆಯಿತು. ಆಫೀಸಿನಲ್ಲಿ ಹಾಜರಿ ಬರೆಯುವ ರೈಟರ್ ಹುಚ್ಚಣ್ಣನಿಗೆ ಖುಷಿಯೋ ಖುಷಿ.

ಗಂಗಾಮಣಿ ಅದನ್ನು ತೆಗೆದು, ಬ್ಯಾಗಿನಿಂದ ಆ ಎರಡು ಸಾಲಿಲ್ಲದ ತನ್ನ ಹಳೆಯ ಫ್ಲಾಪಿ ತೆಗೆದು ಹಾಕಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದಳು. ಕಪ್ಪು ಪರದೆಯ ಮೇಲೆ ಅವಳ ಹೆಸರು ಬಂತು. ಬಂದು ಹಾಗೇ ನಿಂತಿತು.

ಮತ್ತೆ ಕೆಟ್ಟಿತೇ ಎಂದು ಹುಚ್ಚಣ್ಣ ಗಾಬರಿಯಾದ.

“ಇಲ್ಲ ಕಣಣ್ಣ. ಒಂದ್ನಿಮಿಷ ಇರ್ಲಿ.”

ಆ ನಿಮಿಷವನ್ನು ಮುಗಿಸುವ ಸಾಲು ನನ್ನ ಬಳಿ ಇದೆ. ಅವಳು ಬರೆಯಲು ಬಿಡುತ್ತಿಲ್ಲ.