ಜಾಮೀನಿಗೆ ಒಂದು ಸಲಹೆ

ಚಹಾ ಬೆಳೆಗಾರರಿಗೆ ವರ್ಷದ ಬೋನಸ್ ಬರುವ ಅಕ್ಟೋಬರಿನಲ್ಲಿ ಕೀನ್ಯಾದ ಕೆರಿಚೋ ಊರಿನ ಸಹಕಾರ ಸಂಘ ತನ್ನ ಸದಸ್ಯರಿಗೆ ಒಂದು ಕರಪತ್ರ ಹಂಚುತ್ತಿತ್ತು. ಅದನ್ನು ಬರೆಯುವವಳು ಸಂಘದ ಗುಮಾಸ್ತೆ ಜೆಬೆಟ್. ಈ ಸಲದ ನಾಲ್ಕನೆಯ ಸಲಹೆಯನ್ನು ಅವಳು ಮೂರು ಬಾರಿ ತಿದ್ದಿದ್ದಳು: 'ದಾಕ್ಷಿಣ್ಯಕ್ಕೆ ಬಿದ್ದು ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡಿ. ಜಾಮೀನು ಬೇಕಾದವರು ತಮ್ಮನ್ನು ಚೆನ್ನಾಗಿ ಬಲ್ಲವರನ್ನೇ ಕೇಳಿ.'

ಹಂಚಿದ ಮರುದಿನವೇ, ಅವಳ ತೀರಿಹೋದ ಗಂಡನ ಅಕ್ಕ ತಪ್ಲೇಲೆ ಆ ಕರಪತ್ರವನ್ನೂ ಸಾಲದ ಅರ್ಜಿಯನ್ನೂ ಹಿಡಿದು ಮನೆಗೆ ಬಂದಳು. ಬಾಡಿಗೆಗೆ ಓಡಿಸಲು ಮಗನಿಗೊಂದು ಮೋಟಾರ್‌ಸೈಕಲ್ ಕೊಡಿಸಬೇಕಾಗಿತ್ತು.

"ನೀನೇ ಬರ್ದಿದೀಯಲ್ಲೇ, ಚೆನ್ನಾಗಿ ಬಲ್ಲೋರನ್ನ ಕೇಳಿ ಅಂತ. ನನ್ನ ನಿನಗಿಂತ ಬಲ್ಲೋರು ಯಾರಿದಾರೆ?"

"ಅತ್ತಿಗೆ, ಅದರ ಮೇಲಿನ ಸಾಲೂ ಓದಿ."

"ಓದ್ದೆ. ದಾಕ್ಷಿಣ್ಯ ಅಂತೆ! ನನ್ನ ಹತ್ರ ನಿಂಗೆಂಥ ದಾಕ್ಷಿಣ್ಯ? ತಮ್ಮ ಹಾಸಿಗೆ ಹಿಡಿದಾಗ ಆರು ತಿಂಗಳು ಅವನ ಮೈ ಒರೆಸಿದ್ದು ನಾನೇ ಅಲ್ವಾ?"

ಅದು ನಿಜ. ಸಂಘದಲ್ಲಿಟ್ಟ ತನ್ನ ಉಳಿತಾಯ ಒಮ್ಮೆ ಜಾಮೀನಿಗೆ ಸಿಕ್ಕಿಕೊಂಡರೆ, ಜನವರಿಯಲ್ಲಿ ಮಗಳ ಶಾಲೆಯ ಶುಲ್ಕಕ್ಕೆ ತನಗೇ ಸಾಲ ಹುಟ್ಟುವುದಿಲ್ಲ ಎಂಬುದೂ ನಿಜ.

"ಮಗಳ ಫೀಸು, ಅತ್ತಿಗೆ..."

"ಜನವರಿಗೆ ಇನ್ನೂ ಎಷ್ಟು ದಿನ ಇದೆ! ಅಷ್ಟರಲ್ಲಿ ನನ್ನ ಮಗ ದುಡಿಯಲ್ವಾ?"

ಇಲ್ಲ ಎನ್ನಲು ಜೆಬೆಟ್ ಒಂದು ಮೆತ್ತಗಿನ ಮಾತು ಹುಡುಕಿದಳು. ಎಲ್ಲ ಮಾತುಗಳೂ ಆರು ತಿಂಗಳ ಆ ಸೇವೆಯ ಮುಂದೆ ಹಗುರವಾದವು. ಸಹಿ ಹಾಕಿದಳು.

ತಪ್ಲೇಲೆ ಚಹಾ ಮುಗಿಸಿ ಎದ್ದಳು. "ಕರಪತ್ರ ಬಲು ಚೆನ್ನಾಗಿದೆ ಕಣೇ. ಇನ್ನೆರಡು ಕೊಡು. ಇನ್ನೂ ಇಬ್ಬರ ಸಹಿ ಬೇಕಲ್ಲ."

ಜೆಬೆಟ್ ಕಪಾಟಿನಿಂದ ಎರಡು ತೆಗೆದುಕೊಟ್ಟಳು.