ಬಣ್ಣವಿಲ್ಲದ ಬಣ್ಣದ ವೇಷ

ನಾನು ಕ್ಯಾಸೆಟ್ ನುಂಗಿ ಚಿತ್ರ ತೋರಿಸುವ ಯಂತ್ರ. ಜನ ನನ್ನನ್ನು ವಿಸಿಆರ್ ಎಂದು ಕರೆದರು. ನಾನು ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಬಿಳಿ ಕೈಗವಸು ತೊಟ್ಟ ಹೆಂಗಸರು ಸಾಲಾಗಿ ಕುಳಿತಿರುತ್ತಿದ್ದರು. ಒಬ್ಬಳು ಬಿಗಿದ ತಿರುಪನ್ನು ಪಕ್ಕದವಳು ನಂಬುತ್ತಿರಲಿಲ್ಲ. ತಾನೊಮ್ಮೆ ತಿರುಗಿಸಿ ನೋಡುತ್ತಿದ್ದಳು. ಅವಳನ್ನು ಅವಳ ಮುಂದಿನವಳು ನಂಬುತ್ತಿರಲಿಲ್ಲ. ಕೊನೆಯಲ್ಲಿ ಕನ್ನಡಕದ ಮುದುಕನೊಬ್ಬ ಅವರೆಲ್ಲರನ್ನೂ ಶಂಕಿಸಿ, ನನ್ನನ್ನು ನಾಲ್ಕು ಸಲ ತೆರೆದು ಮುಚ್ಚಿ, ಬೆನ್ನಿಗೆ ಒಂದು ಮುದ್ರೆ ಒತ್ತಿದ. ಹೀಗೆ ನನಗೆ ಹುಟ್ಟುವಾಗಲೇ ಸಂಶಯದ ಪಾಠವಾಯಿತು. ಅದನ್ನು ನಾನು ದೋಷವೆಂದು ತಿಳಿಯಲಿಲ್ಲ. ಲೋಕದಲ್ಲಿ ಯಾವುದೂ ಗಟ್ಟಿಯಾಗಿ ನಿಲ್ಲಬೇಕಾದರೆ ಹೀಗೆಯೇ ಮಾಡಬೇಕು ಎಂದುಕೊಂಡಿದ್ದೆ.

ಸಿಂಗಾಪುರದ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವನು ಶೀನ ದೇವಾಡಿಗ. ಅವನಿಗೆ ಹಡಗಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ಕೆಲಸ. ಅವನು ನನ್ನ ಅಂದವನ್ನು ನೋಡಲಿಲ್ಲ. ಕಿವಿಯನ್ನು ನನ್ನ ಮೈಗೆ ಒತ್ತಿ ಒಳಗಿನ ಗಾಲಿಗಳು ತಿರುಗುವ ಸದ್ದನ್ನು ಆಲಿಸಿದ. ಇವನು ಯಾವ ಕೊರತೆ ಹುಡುಕುತ್ತಿದ್ದಾನೋ ಎಂದು ನಾನು ಹೆದರಿದೆ. ಅವನು ನಕ್ಕು, ನನ್ನನ್ನು ಎರಡು ಲುಂಗಿಗಳಲ್ಲಿ ಸುತ್ತಿ, ಊರಿಗೆ ತಂದ.

ಊರು ಗಂಗೊಳ್ಳಿ. ಮನೆಯಲ್ಲಿ ಅವನ ತಂದೆ ಕುಷ್ಟ ದೇವಾಡಿಗರು ಮತ್ತು ಹೆಂಡತಿ ಜಲಜಾ ಇದ್ದರು. ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಕುಷ್ಟರು ದೈವಭಕ್ತರು. ನನ್ನನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಮೀಯದೆ ಮುಟ್ಟಬಾರದೆಂದು ಹೇಳಿ, ಮಿಂದು ಬಂದು, ನನ್ನ ಹಣೆಗೆ ಕುಂಕುಮವಿಟ್ಟರು. ಒಂದು ಚಿಟಿಕೆ ನನ್ನ ಬಾಯೊಳಗೂ ಬಿತ್ತು.

ಕುಷ್ಟರು ಯಕ್ಷಗಾನ ಮೇಳದಲ್ಲಿ ಮೂವತ್ತೈದು ವರ್ಷ ಬಣ್ಣದ ವೇಷ ಮಾಡಿದವರು. ಬಣ್ಣದ ವೇಷವೆಂದರೆ ರಾಕ್ಷಸನ ಪಾತ್ರ. ಮುಖದ ತುಂಬ ಅಕ್ಕಿಹಿಟ್ಟಿನ ಮುಳ್ಳು, ತಲೆಯ ಮೇಲೆ ದೊಡ್ಡ ಕಿರೀಟ, ಮೈಮೇಲೆ ಒಂದು ಹೊರೆ ಬಟ್ಟೆ. ಮೊಣಕಾಲು ಸೋತ ಮೇಲೆ ಅವರು ಮೇಳ ಬಿಟ್ಟು ಮನೆಯಲ್ಲಿದ್ದರು. ಶೀನನೂ ಎರಡು ವರ್ಷ ತಂದೆಯ ಹಿಂದೆ ತಿರುಗಿ ಹೆಜ್ಜೆ ಕಲಿತಿದ್ದ. ಆಮೇಲೆ ಕಡಲು ಅವನನ್ನು ಕರೆಯಿತು.

ರಜೆ ಮುಗಿಯುವ ದಿನಗಳಲ್ಲಿ ಒಮ್ಮೆ ಊಟಕ್ಕೆ ಕುಳಿತಾಗ ಅವನು ಹೇಳಿದ:

"ಅಪ್ಪಯ್ಯ, ಜಪಾನಗೂ ಬಣ್ಣದ್ ವೇಷ ಇತ್ತ್ ಕಾಣಿ. ಟೀವಿಯಗೆ ವಾರಕ್ಕೊಂದ್ ಸಲ ಬತ್ತ್. ಮುಖವಾಡದವ ಒಬ್ಬ, ಅವ್ನ್ ಎದ್ರಿಗೆ ವಾರಕ್ಕೊಬ್ಬ ರಕ್ಕಸ."

"ಸುಳ್ಳ್ ಹೇಳ್ಬೇಡ. ಚಂಡೆ ಇಲ್ದಿದ್ ಊರಗೆ ರಕ್ಕಸ ಹ್ಯಾಂಗ್ ಕುಣಿತ?"

"ಮುಂದಿನ್ ಸಲ ಬಪ್ಪತಿಗೆ ತಕಂಬತ್ತೆ. ನೀವೇ ಕಾಣಿ."

ಮುಂದಿನ ಸಲ ಅವನು ಬರಲಿಲ್ಲ. ಅವನ ಟ್ರಂಕು ಬಂತು. ಅದರ ಮೊದಲು ಹಡಗಿನವರ ಪತ್ರ ಬಂದಿತ್ತು. ರಿಪೇರಿಗೆಂದು ಎರಡು ತಿಂಗಳು ಜಪಾನಿನ ಬಂದರಿನಲ್ಲಿ ನಿಂತಿದ್ದ ಹಡಗು ಹೊರಟ ನಾಲ್ಕನೆಯ ದಿನ ಬಿರುಗಾಳಿ ಎದ್ದಿತು, ಶೀನನು ಕಾಣೆಯಾದನು, ಎರಡು ದಿನ ಹುಡುಕಿದರೂ ಸಿಗಲಿಲ್ಲ, ಆದ್ದರಿಂದ ತೀರಿಕೊಂಡನೆಂದು ಭಾವಿಸಲಾಗಿದೆ ಎಂದು ಅದರಲ್ಲಿತ್ತು. ಪೋಸ್ಟ್ ಮಾಸ್ಟರು ಓದಿ ಹೇಳಿದಾಗ ಕುಷ್ಟರು ಅಳಲಿಲ್ಲ.

"ಭಾವ್ಸಿದ್ದ್ ಯಾರ್?" ಎಂದರು. "ಕಂಡವ್ರ್ ಯಾರಾರೂ ಇದ್ರಾ?"

ಕಂಡವರು ಯಾರೂ ಇರಲಿಲ್ಲ. ಟ್ರಂಕಿನಲ್ಲಿ ನಾಲ್ಕು ಅಂಗಿ, ಒಂದು ಹನುಮಂತನ ಪಟ, ಮತ್ತು ಒಂದು ಕ್ಯಾಸೆಟ್ ಇತ್ತು. ಕ್ಯಾಸೆಟ್ಟಿನ ಮೇಲೆ ನನ್ನ ಹುಟ್ಟೂರಿನ ಲಿಪಿ. ಶೀನ ಹೇಳಿದಂಥದೇ ಒಂದು ಹೊಸ ಮಾಲಿಕೆಯ ಮೊದಲ ನಾಲ್ಕು ಕಂತುಗಳು ಎಂದು ಬರೆದಿತ್ತು. ನನಗೆ ಓದಲು ಬರುತ್ತಿತ್ತು. ಆದರೆ ಯಂತ್ರವನ್ನು ಯಾರು ಕೇಳುತ್ತಾರೆ?

ಒಂದು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೊಂದು ಮಧ್ಯಾಹ್ನ ಜಲಜಾ ಅದನ್ನು ನನ್ನ ಬಾಯಿಗೆ ಕೊಟ್ಟಳು. ಅದು ಬೇರೆ ದೇಶದ ಚಿತ್ರ. ಮನೆಯ ಹಳೆಯ ಟೀವಿಗೆ ಅದರ ನಡೆ ಒಗ್ಗಲಿಲ್ಲ. ಬಣ್ಣ ಪೂರ್ತಿ ಹೋಗಿ ಕಪ್ಪು ಬಿಳುಪಾಯಿತು. ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಾ ಹೋಯಿತು. ಒಮ್ಮೆ ನಿಂತಾಗ ಕಾಲುಗಳು ಮೇಲೆ, ತಲೆ ಕೆಳಗೆ. ಜಲಜಾ ಟೀವಿಯ ಹಿಂದೆ ಕುಳಿತು ಅಲ್ಲಿಯ ಗುಂಡಿಯನ್ನು, ಅವಳು ಗುಬ್ಬಿ ಎನ್ನುತ್ತಿದ್ದುದನ್ನು, ತಿರುಗಿಸುತ್ತಾ ಹಿಡಿದಿದ್ದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಹಾಗಾಗಿ ಒಂದು ಕೈ ಗುಬ್ಬಿಯ ಮೇಲಿಟ್ಟು ಓರೆಯಾಗಿ ಇಣುಕುತ್ತಾ ಅವಳು ನೋಡಿದಳು. ಮಡಿಲಲ್ಲಿ ಬೀಡಿ ಕಟ್ಟುವ ಮೊರ ಹಾಗೆಯೇ ಇತ್ತು.

"ಬಣ್ಣವೇ ಇಲ್ದಿದ್ ಬಣ್ಣದ್ ವೇಷ!" ಎಂದರು ಕುಷ್ಟರು.

ಮೊದಲ ಕಂತಿನಲ್ಲಿ ಒಬ್ಬ ತರುಣನನ್ನು ದುಷ್ಟರು ಹಿಡಿದು ಅವನ ಮೈಗೆ ಏನೋ ಯಂತ್ರ ಜೋಡಿಸುತ್ತಾರೆ. ಅವನು ತಪ್ಪಿಸಿಕೊಂಡು ಓಡುತ್ತಾನೆ. ಶತ್ರು ಎದುರಾದಾಗ ಕೈ ಎತ್ತಿ, ಒಂದು ಸುತ್ತು ತಿರುಗಿ, ಕೂಗುತ್ತಾನೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಪ್ಪೆಚಿಪ್ಪಿನಂಥ ಮುಖವಾಡ ಅವನ ಮುಖಕ್ಕೆ ಬಂದಿರುತ್ತದೆ. ಜಲಜಾ ಅವನಿಗೆ ಚಿಪ್ಪಿನವ ಎಂದು ಹೆಸರಿಟ್ಟಳು.

ಕುಷ್ಟರಿಗೆ ಚಿಪ್ಪಿನವನ ಮೇಲೆ ಮೊದಲಿನಿಂದಲೇ ಅನುಮಾನ.

"ಇವ ಯಾರ್ ಮಾರಾಯ್ತಿ? ಗಣಪತಿಗ್ ಕೈ ಮುಗಿಲಿಲ್ಲ, ದೀಪ ಕಾಣ್ಲಿಲ್ಲ. ವೇಷ ಕಟ್ಟುಕೆ ನಂಗ್ ಮೂರ್ ಗಂಟಿ ಬೇಕಿತ್. ಇವ ಒಂದ್ ಸುತ್ತ್ ತಿರ್ಗಿದ, ವೇಷ ಆಯ್ತ್! ಇಂಥವ್ನ ನಂಬುಕಾಗ."

"ಅವ್ರ್ ಒಳ್ಳೇವ್ರ್ ಮಾವಯ್ಯ. ದುಷ್ಟರ್ ಕೈಯಿಂದ ಒಂದ್ ಮಗುನ ಉಳ್ಸಿರ್ ಅಲ್ದಾ?"

"ಉಳ್ಸುದ್ ದೊಡ್ಡದಲ್ಲ. ವೇಷ ಬಿಚ್ಚುವತಿಗೆ ಕೈ ಮುಗಿತ್ನಾ ಕಾಣ್."

ಅವನು ಕೈ ಮುಗಿಯಲಿಲ್ಲ. ಮೋಟಾರು ಸೈಕಲ್ ಹತ್ತಿ ಹೋದ. ಕುಷ್ಟರು ಗೆದ್ದವರಂತೆ ತಲೆಯಾಡಿಸಿದರು. ಮಗನ ಸುದ್ದಿ ಬಂದ ಮೇಲೆ ಆ ಮನೆಯಲ್ಲಿ ಅಷ್ಟು ಮಾತು ಕೇಳಿದ್ದು ಅದೇ ಮೊದಲು.

ಎರಡನೆಯ ಕಂತಿನಲ್ಲಿ ಕಡಲಿನಿಂದ ಎದ್ದ ಎಂಟು ಕೈಗಳ ರಾಕ್ಷಸ ಬಂದ. ಅವನು ಬಂಡೆಗಳ ನಡುವೆ ಮುಂದೆ ಬರುತ್ತಿದ್ದಾಗ ಕುಷ್ಟರು ಥಟ್ಟನೆ ಮಂಡಿಯೂರಿ ಟೀವಿಯ ಹತ್ತಿರ ಸರಿದರು.

"ಹಿಂದೆ ಬಿಡ್ ಮಗಾ. ಅದೇ ಜಾಗ, ಇನ್ನೊಂದ್ ಸಲ."

ಜಲಜಾ ನನ್ನ ಗುಂಡಿ ಒತ್ತಿದಳು, ನಾನು ಸುರುಳಿಯನ್ನು ಹಿಂದಕ್ಕೆ ಸುತ್ತಿದೆ. ರಾಕ್ಷಸ ಮತ್ತೆ ನಡೆದ. ಬಲಗಾಲನ್ನು ಹೊರಕ್ಕೆ ಚಾಚಿ ಊರುತ್ತಾನೆ, ಸೊಂಟ ಒಮ್ಮೆ ನಿಲ್ಲುತ್ತದೆ, ಆಮೇಲೆ ಎಡಗಾಲು ಎಳೆದುಕೊಂಡು ಬರುತ್ತದೆ. ಕುಷ್ಟರು ಅದನ್ನು ಹನ್ನೊಂದು ಸಲ ನೋಡಿದರು.

ಮೂರನೆಯ ಕಂತಿನಲ್ಲಿ ಬಾವಲಿಯ ರಾಕ್ಷಸ, ನಾಲ್ಕನೆಯದರಲ್ಲಿ ಬೇರು ಬಿಟ್ಟ ಮರದ ರಾಕ್ಷಸ. ಪ್ರತಿಯೊಬ್ಬನೂ ಕೊನೆಗೆ ಬೆಂಕಿಯಾಗಿ ಸಿಡಿದು ಸತ್ತ. ಪ್ರತಿಯೊಬ್ಬನಿಗೂ ಅದೇ ನಡೆ.

"ಹೋದ್ ವಾರ ಸತ್ತವ ಈ ವಾರ ಮತ್ತೆ ಬಂದಿದ, ಕಂಡ್ಯಾ? ಒಳಗಿಪ್ಪವ ಒಬ್ನೇ." ಕುಷ್ಟರು ಪರದೆಯ ಮೇಲೆ ಬೆರಳಿಟ್ಟರು. "ಈ ಹೆಜ್ಜೆ ನನ್ದ್. ನಾನ್ ಕಲ್ಸಿದ್ದ್. ಶೀನಂದೇ ಕಾಲ್."

ಅಂದಿನಿಂದ ಕುಷ್ಟರು ಒಂದು ಕಥೆ ಕಟ್ಟಿದರು. ಹಡಗು ಎರಡು ತಿಂಗಳು ನಿಂತಿದ್ದಾಗ ಶೀನ ಅಲ್ಲಿಯ ವೇಷದವರನ್ನು ಸೇರಿದ್ದಾನೆ. ಗಾಳಿಯ ನೆಪದಲ್ಲಿ ಹಡಗಿನಿಂದ ಜಾರಿಕೊಂಡಿದ್ದಾನೆ. ಬಾಯಿಬಿಟ್ಟು ಹೇಳಲಾಗದೆ, ತಂದೆಗೆ ಗುರುತು ಸಿಗಲಿ ಎಂದು ಕ್ಯಾಸೆಟ್ಟನ್ನು ಟ್ರಂಕಿನಲ್ಲಿಟ್ಟು ಹೋಗಿದ್ದಾನೆ. ಹಡಗಿನವರ ಮೇಲೆ ಅವರಿಗೆ ಸಂಶಯ, ಪೋಸ್ಟ್ ಮಾಸ್ಟರ ಮೇಲೆ ಸಂಶಯ. ಬೊಜ್ಜ ಮಾಡಿ ಮುಗಿಸಿ ಎಂದು ಹೇಳಲು ಬಂದ ಪುರೋಹಿತರ ಮೇಲೂ ಸಂಶಯ. ಸತ್ತವರಿಗೆ ಮಾಡುವ ಆ ಕ್ರಿಯೆಯನ್ನು ವರ್ಷ ತುಂಬುವುದರೊಳಗೆ ಮಾಡದಿದ್ದರೆ ಜೀವಕ್ಕೆ ದಾರಿ ಇಲ್ಲ ಎಂದು ಪುರೋಹಿತರು ಹೇಳಿದರು. ಬದುಕಿರುವ ಮಗನಿಗೆ ಬೊಜ್ಜ ಮಾಡಿದರೆ ಅವನ ಆಯುಷ್ಯಕ್ಕೇ ಕೇಡು ಎಂದು ಕುಷ್ಟರು ಹೇಳಿದರು. ಇಬ್ಬರೂ ಶಾಸ್ತ್ರವನ್ನೇ ಆಡುತ್ತಿದ್ದರು.

ಆ ಸಂಶಯ ನನಗೂ ಅಂಟಿತು. ಪ್ರತಿ ಕಂತಿನ ಕೊನೆಯಲ್ಲಿ ಹೆಸರುಗಳ ಸಾಲು ಬರುತ್ತಿತ್ತು. ನಾನು ಒಂದೊಂದನ್ನೂ ಓದಿದೆ. ಶೀನನ ಹೆಸರಿರಲಿಲ್ಲ. ಆದರೆ ಓಡಿಹೋದವನು ತನ್ನ ಹೆಸರನ್ನೇ ಬರೆಸುತ್ತಾನೆಯೇ? ಹೀಗೆ ಯೋಚಿಸಿ ನಾನು ನನ್ನ ಕಣ್ಣನ್ನೂ ನಂಬದಾದೆ.

ದಿನವೂ ಊಟದ ನಂತರ ಅದೇ ಚಿತ್ರ, ಅದೇ ಜಾಗ. ನೋಡಿ ನೋಡಿ ಸುರುಳಿಯ ಆ ಭಾಗ ಸವೆಯಿತು. ರಾಕ್ಷಸನ ಕಾಲುಗಳ ಮೇಲೆ ಬಿಳಿಯ ಗೆರೆಗಳು ಬಿದ್ದವು. ಅತಿಯಾಗಿ ನೋಡಿದ್ದರಿಂದಲೇ ಆ ಕಾಲುಗಳು ಅಳಿಸಿಹೋಗುತ್ತಿದ್ದವು. ಅಳಿಸಿದಷ್ಟೂ ಕುಷ್ಟರಿಗೆ ಅವು ಮಗನವೇ ಆಗುತ್ತಿದ್ದವು.

ಜಲಜಾ ಗುಬ್ಬಿ ಹಿಡಿದು ಕುಳಿತಿರುತ್ತಿದ್ದಳು. ಮೊದಮೊದಲು ಚಿಪ್ಪಿನವನನ್ನು ಕುರಿತು ತಮಾಷೆ ಮಾಡುತ್ತಿದ್ದಳು. ಬರುಬರುತ್ತಾ ಮಾತು ನಿಂತಿತು. ಅವಳ ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ಕರಿಮಣಿ ಇತ್ತು. ತವರಿಗೆ ಕರೆದುಕೊಂಡು ಹೋಗಲು ಅವಳ ಅಣ್ಣ ಎರಡು ಸಲ ಬಂದು ಬರಿಗೈಯಲ್ಲಿ ಹಿಂದಿರುಗಿದ್ದ. ಅವಳು ಮಾವನ ಮಾತನ್ನು ನಂಬಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ವರ್ಷ ತುಂಬಲು ಹತ್ತು ದಿನ ಉಳಿದಾಗ ಕುಷ್ಟರು ಸಾಕ್ಷಿಗೆಂದು ಅಣ್ಣಪ್ಪ ಶೆಟ್ಟಿಗಾರರನ್ನು ಕರೆಸಿದರು. ಅಣ್ಣಪ್ಪನವರು ಅದೇ ಮೇಳದಲ್ಲಿ ಸ್ತ್ರೀವೇಷ ಮಾಡಿದವರು. ಎಪ್ಪತ್ತು ದಾಟಿದರೂ ಸಣಕಲು ಮೈ, ಹಗುರವಾದ ಹೆಜ್ಜೆ. ಬಾಗಿಲಲ್ಲೇ ಶುರು ಮಾಡಿದರು:

"ಹ್ವಾಯ್ ಕುಷ್ಟಣ್ಣ, ಟೀವಿ ಕಾಂಬುಕೆ ಕರ್ದ್ರೆ ಚಾ ಆದ್ರೂ ಕೊಡ್ಕ್."

"ಚಾ ಮತ್ತೆ. ಮೊದ್ಲ್ ಕಾಲ್ ಕಾಣ್."

ಅಣ್ಣಪ್ಪನವರು ಎರಡನೆಯ ಕಂತನ್ನೂ ಮೂರನೆಯದನ್ನೂ ಕಂಡರು. ನಗು ಮಾಯವಾಯಿತು.

"ಹೌದ್," ಎಂದರು. "ಹೆಜ್ಜೆ ನಿಂದೇ."

ಕುಷ್ಟರು ಎದೆಯ ಮೇಲೆ ಕೈಯಿಟ್ಟುಕೊಂಡು ದೇವರ ಪಟದ ಕಡೆ ತಿರುಗಿದರು. ಅದೇ ಹೊತ್ತಿಗೆ ಚಿತ್ರ ಉರುಳತೊಡಗಿತು. ಜಲಜಾ ಗುಬ್ಬಿಯಿಂದ ಕೈ ತೆಗೆದಿದ್ದಳು. ಅವಳು ಎದ್ದು ನಿಂತಳು. ಮೊರದ ಬೀಡಿ ಎಲೆಗಳು ನೆಲಕ್ಕೆ ಚೆಲ್ಲಿದವು.

"ಮಾವಯ್ಯ, ಅವ್ರ್ ಬದ್ಕಿದ್ರ್ ಅಂದ್ರೆ ನನ್ನ ಬಿಟ್ಟ್ ಹೋಯ್ರ್ ಅಂದೇಳಿ ಅಲ್ದಾ?"

ಕುಷ್ಟರು ತಿರುಗಿ ನೋಡಿದರು.

"ಕಡಲಿಗ್ ಬಿದ್ದ್ ಸತ್ರೆ ಅವ್ರ್ ನನ್ ಗಂಡ. ಅಲ್ಲಿ ವೇಷ ಕಟ್ಕಂಡ್ ಕುಣಿತಾ ಇದ್ರೆ ನಾನ್ ಯಾರ್? ಒಂದ್ ವರ್ಷ ಆಯ್ತ್, ದಿನಾ ನೀವ್ ಅವ್ರನ್ನ ಬದ್ಕಿಸ್ತ್ರಿ. ನಾನ್ ದಿನಾ ಬಿಟ್ಟ್ ಹಾಕ್ದವ್ಳ್ ಆತೆ. ಈ ಗುಬ್ಬಿ ಹಿಡ್ಕಂಡ್ ಅದನ್ನೇ ಕಾಣ್ತಾ ಕೂಕಂತೆ."

ನಾನು ಸದ್ದು ಮಾಡುತ್ತಾ ಸುತ್ತುತ್ತಲೇ ಇದ್ದೆ. ಆ ಸದ್ದಿಗೆ ನನಗೇ ನಾಚಿಕೆಯಾಯಿತು.

ಅಣ್ಣಪ್ಪನವರು ಏನೋ ನೆನೆದವರಂತೆ ಎದ್ದು ಒಳಗೆ ಹೋದರು. ಅಲ್ಲಿ ಒಣಹುಲ್ಲಿನಲ್ಲಿ ಸುತ್ತಿ ಕಟ್ಟಿದ ಸಣ್ಣ ಅಕ್ಕಿಮುಡಿ ಇತ್ತು. ಅದನ್ನು ಉರುಳಿಸಿಕೊಂಡು ಬಂದರು.

"ಕುಷ್ಟಣ್ಣ, ಇದನ್ನ ನನ್ ಹೊಟ್ಟಿಗ್ ಕಟ್ಟ್."

"ಎಂತ ಮರ್ಲ್ ನಿಂಗೆ?"

"ಕಟ್ಟ್ ಅಂದೆ. ಜೀವಮಾನ ಇಡೀ ನಾನ್ ಹೆಂಗ್ಸ್ ಆಯಿ ಕುಣಿದವ. ನಿನ್ ಹೆಜ್ಜಿ ನಂಗ್ ಬತ್ತಿಲ್ಲ ಅಂದೇಳಿ ನೀನೇ ಊರೆಲ್ಲ ನಗಾಡಿದೆ."

ಹಗ್ಗ ತಂದು ಕಟ್ಟಿದರು. ತಲೆಯ ಮೇಲೆ ನೀರು ತುಂಬಿದ ಕೊಡಪಾನವನ್ನೂ ಇಡಿಸಿಕೊಂಡು ಅಣ್ಣಪ್ಪನವರು ಬಾಗಿಲಿನಿಂದ ಕುಷ್ಟರ ಕಡೆಗೆ ನಡೆದರು. ಎರಡು ಹೆಜ್ಜೆ ತಡವರಿಸಿದರು. ಮೂರನೆಯದರಲ್ಲಿ ಬಲಗಾಲು ತಾನಾಗಿಯೇ ಹೊರಕ್ಕೆ ಚಾಚಿತು. ಸೊಂಟ ಒಮ್ಮೆ ನಿಂತಿತು. ಎಡಗಾಲು ಎಳೆದುಕೊಂಡು ಬಂತು. ನೀರು ತುಳುಕಿ ಮುಖದ ಮೇಲೆ ಇಳಿಯುತ್ತಿತ್ತು.

"ಕಾಣ್," ಎಂದು ಏದುಸಿರಿನಲ್ಲಿ ಹೇಳಿದರು. "ನಂಗ್ ಯಾರ್ ಕಲ್ಸಿದ್ದ್? ಭಾರ ಹೊತ್ತವ ಹೀಂಗೇ ನಡೂದ್ ಮಾರಾಯ. ಆ ಜಪಾನಿನವ ಹೀಂಗೇ. ನೀನೂ ಹೀಂಗೇ."

ಕುಷ್ಟರು ಬಹಳ ಹೊತ್ತು ಅಣ್ಣಪ್ಪನವರ ಕಾಲುಗಳನ್ನೇ ನೋಡುತ್ತಿದ್ದರು. ಆಮೇಲೆ ಕೊಡಪಾನವನ್ನು ಇಳಿಸಿದರು, ಹಗ್ಗ ಬಿಚ್ಚಿದರು. ಬಗ್ಗಿ ನೆಲದ ಬೀಡಿ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಸೊಸೆಯ ಮೊರಕ್ಕೆ ಹಾಕಿದರು.

"ಭಟ್ರಿಗೆ ಹೇಳಿ ಕಳ್ಸ್," ಎಂದರು.

ಶರೀರ ಸಿಗದವನಿಗೆ ಮಾಡುವಂತೆ ಹುಲ್ಲಿನ ಬೊಂಬೆ ಮಾಡಿ ಕಡಲ ದಂಡೆಯಲ್ಲಿ ದಹಿಸಿದರು. ಬೊಜ್ಜದ ದಿನ ಸತ್ತವನಿಗೆ ಇಷ್ಟವಾದುದನ್ನು ಬೇಯಿಸಿ, ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ಆ ಮನೆಯ ಪದ್ಧತಿ. ಸತ್ತವನು ಬಂದು ಉಣ್ಣುತ್ತಾನೆ ಎಂದು ನಂಬಿಕೆ. ಎಲೆ ಹಾಕಿದ್ದು ನಾನಿದ್ದ ಕೋಣೆಯಲ್ಲಿ. ಕೆಂಪಕ್ಕಿಯ ಅನ್ನ, ಹುರಿದ ಬಂಗುಡೆ, ಕೋಳಿ ಸಾರು, ಒಂದು ಲೋಟ ನೀರು. ಜಲಜಾ ಬಡಿಸಿದಳು. ಕುಷ್ಟರು ಬಾಗಿಲು ಎಳೆದುಕೊಂಡರು.

ಒಳಗೆ ನಾನು, ಆ ಎಲೆ. ಅನ್ನದಿಂದ ಹಬೆ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ನಾನು ಕಾದೆ. ಯಾರೂ ಬರಲಿಲ್ಲ. ಒಂದು ಇರುವೆ ಬಂದು ಎಲೆಯ ಅಂಚಿನಲ್ಲಿ ಸುತ್ತಿ ಹಿಂದಿರುಗಿತು.

ಬಾಗಿಲು ತೆರೆಯಿತು. ಕುಷ್ಟರು ಒಳಗೆ ಬಂದು ಎಲೆಯ ಮುಂದೆ ನಿಂತರು. ಅನ್ನದ ಗುಪ್ಪೆ ಬಡಿಸಿದಂತೆಯೇ ಇತ್ತು. ಮೀನು ಹಾಗೆಯೇ ಇತ್ತು. ಒಂದು ವರ್ಷ ಯಾರ ಮಾತನ್ನೂ ನಂಬದೆ, ಒಂದೊಂದು ಹೆಜ್ಜೆಯನ್ನೂ ಹನ್ನೊಂದು ಸಲ ಪರೀಕ್ಷಿಸಿದ ಕಣ್ಣುಗಳು ಅವು. ಅವರು ಅದನ್ನೆಲ್ಲ ಕಂಡರು. ಕಂಡು, ಹಿಂದೆ ನಿಂತಿದ್ದ ಸೊಸೆಗೆ ಹೇಳಿದರು:

"ಉಂಡಿದ ಮಗಾ."

ಜಲಜಾಳೂ ಎಲೆಯನ್ನು ನೋಡಿದಳು.

"ಹೌದ್ ಮಾವಯ್ಯ. ಹೊಟ್ಟಿ ತುಂಬ ಉಂಡಿರ್."

ಅಷ್ಟು ಹೇಳಿ ಅವಳು ಗೋಡೆಗೆ ಒರಗಿ ಕುಸಿದು ಕುಳಿತಳು. ಆ ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡಿದ್ದು ಅಂದೇ. ಕುಷ್ಟರು ಅವಳ ತಲೆಯ ಮೇಲೆ ಕೈಯಿಟ್ಟು, ತಾವೂ ಅತ್ತರು.

ಆಮೇಲೆ ಅವರು ನನ್ನನ್ನು ಓಡಿಸಲಿಲ್ಲ; ಕ್ಯಾಸೆಟ್ ನನ್ನೊಳಗೇ ಉಳಿಯಿತು. ಎರಡು ವರ್ಷ ಕಳೆದು ಜಲಜಾ ಮರವಂತೆಯ ಒಬ್ಬ ದೋಣಿಯವನನ್ನು ಮದುವೆಯಾದಳು. ಕುಷ್ಟರೇ ಮುಂದೆ ನಿಂತು ನಡೆಸಿದರು. ಅವರೂ ತೀರಿಕೊಂಡ ಮೇಲೆ ಜಲಜಾ ನನ್ನನ್ನು ತನ್ನ ಮನೆಗೆ ತಂದು ಅಟ್ಟದಲ್ಲಿಟ್ಟಳು. ನನ್ನೊಳಗಿನ ರಬ್ಬರು ಪಟ್ಟಿ ಅಂಟಾಗಿ ಕರಗಿದೆ. ಆ ಕ್ಯಾಸೆಟ್ ಇನ್ನೂ ನನ್ನ ಬಾಯಲ್ಲಿದೆ, ತೆಗೆಯಲು ಬರುವುದಿಲ್ಲ. ಒಮ್ಮೊಮ್ಮೆ ಅವಳು ಮೆಣಸಿನ ಡಬ್ಬಕ್ಕಾಗಿ ಏಣಿ ಹತ್ತಿದಾಗ ಸೆರಗಿನಿಂದ ನನ್ನ ಧೂಳನ್ನು ಒರಸುತ್ತಾಳೆ.

ಈ ಕತ್ತಲಲ್ಲಿ ನಾನು ಆ ಎಲೆಯನ್ನು ನೆನೆಯುತ್ತೇನೆ. ಬಾಗಿಲು ಮುಚ್ಚಿದ್ದಾಗ ಒಳಗಿದ್ದವನು ನಾನೊಬ್ಬನೇ. ನಾನು ಕಂಡದ್ದನ್ನು ಕಂಡಿದ್ದೇನೆ. ಆದರೂ ದೇವರ ಮುಂದೆ ನಿಲ್ಲಿಸಿ ಯಾರಾದರೂ ಸಾಕ್ಷಿ ಕೇಳಿದರೆ, ನಾನು ಕುಷ್ಟರ ಮಾತನ್ನೇ ಹೇಳುತ್ತೇನೆ.