ಮುಂಜಿರ್ ಕುಡಿಯದೆ ಇಟ್ಟ ಕಾಫಿ

ಶುಕ್ರವಾರ ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದ ಮುಂಜಿರ್, ಸುಬ್ಹಿಯ ತಾಯಿ ತಂದುಕೊಟ್ಟ ಕಾಫಿ ಬಟ್ಟಲನ್ನು ತುಟಿಗೂ ತಾಗಿಸದೆ ಕೆಳಗಿಟ್ಟ. ಹೀಗೆ ಇಟ್ಟರೆ ಏನರ್ಥವೆಂದು ಬಾಗ್ದಾದಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಂದವನಿಗೆ ಏನೋ ಬೇಕಾಗಿದೆ. ಮನೆಯವರು ‘ಕುಡಿ’ ಅಂದರೆ ಮುಗಿಯಿತು, ಅವನು ಏನೇ ಕೇಳಲಿ, ಮಾತು ಕೊಟ್ಟಂತೆಯೇ.

ಇಬ್ಬರೂ ಒಂದೇ ಕಾರ್ಖಾನೆಯ ರಸಾಯನ ವಿಜ್ಞಾನಿಗಳು. ಗೇಟಿನ ಮೇಲೆ ‘ಕೀಟನಾಶಕ’ ಎಂದು ಬರೆದಿತ್ತು. ಇರಾನಿನ ಜೊತೆ ಯುದ್ಧ ಶುರುವಾಗಿ ಆರು ವರ್ಷವಾಗಿತ್ತು. ತಾವು ಮಾಡುತ್ತಿದ್ದ ದ್ರವದ ಒಂದೇ ಹನಿಗೆ ಮೇಕೆಯೊಂದು ಕಾಲು ಬಡಿದು ಸತ್ತದ್ದನ್ನು ಕಂಡ ದಿನವೇ, ಇದು ಯಾವ ಹೊಲಕ್ಕೂ ಹೋಗುವ ಔಷಧಿಯಲ್ಲವೆಂದು ಸುಬ್ಹಿಗೆ ತಿಳಿಯಿತು. ಮಾಡುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದವರು ಅಲ್ಲಿ ಸಂಜೆ ಮನೆಗೆ ಮರಳುತ್ತಿರಲಿಲ್ಲ. ಹಾಗಾಗಿ ಕಣ್ಣು ಮಂಜಾಗಿದೆಯೆಂದು ಸುಳ್ಳು ಚೀಟಿ ಬರೆಸಿಕೊಂಡು, ನೀರು ಪರೀಕ್ಷಿಸುವ ವಿಭಾಗಕ್ಕೆ ಮೆಲ್ಲಗೆ ಜಾರಿಕೊಂಡಿದ್ದ. ಬೇಡದ ದಪ್ಪ ಕನ್ನಡಕ ಹಾಕಿಕೊಂಡು ಹೊಸ್ತಿಲು ಹೊಸ್ತಿಲಿಗೂ ಎಡವುತ್ತಿದ್ದ. ಅಂದಿನಿಂದ ಅವನಿಗೆ ಕಂಡಕಂಡವರೆಲ್ಲ ಸರ್ಕಾರದ ಬೇಹಿನವರೆಂದೇ ಗುಮಾನಿ. ರೊಟ್ಟಿಯವನು ಎರಡು ಸಲ ‘ಕಣ್ಣು ಹೇಗಿದೆ’ ಎಂದು ಕೇಳಿದ್ದಕ್ಕೆ ಪಕ್ಕದ ಬೀದಿಯಿಂದ ರೊಟ್ಟಿ ತರತೊಡಗಿದ್ದ.

“ಏನಯ್ಯಾ, ದಾರಿ ತಪ್ಪಿ ಬಂದ್ಯಾ?” ಎಂದ ಸುಬ್ಹಿ.

“ನಿನ್ನ ಕನ್ನಡಕ ನೋಡೋಕೆ ಬಂದೆ. ಒಳ್ಳೇ ಮದರಸಾ ಮೇಷ್ಟ್ರ ಥರ ಕಾಣ್ತೀಯ.” ಮುಂಜಿರ್ ನಕ್ಕ, ಆದರೆ ಕಣ್ಣು ಕಿಟಕಿಯ ಕಡೆಗೇ ಇತ್ತು. “ಆ ರೇಡಿಯೋ ಸ್ವಲ್ಪ ಜೋರು ಮಾಡೋ.”

ಜೋರು ಯಾಕೆ? ಹೊರಗೆ ಕೇಳಿಸದೆಂದು ನಂಬಿಸಿ ತನ್ನ ಬಾಯಿ ಬಿಡಿಸುವುದಕ್ಕೋ? ಸುಬ್ಹಿ ರೇಡಿಯೋ ಮುಟ್ಟಲಿಲ್ಲ.

“ಏನು ಬೇಕು ಹೇಳು.”

“ಮೊದಲು ಕುಡಿ ಅನ್ನು.”

ಸುಬ್ಹಿ ಕುಡಿ ಅನ್ನದೆ ಕನ್ನಡಕ ಒರೆಸುತ್ತ ಕೂತ. ಕಾಫಿ ಆರತೊಡಗಿತು. ಬಾಗಿಲಲ್ಲಿ ನಿಂತಿದ್ದ ತಾಯಿಗೆ ಅದನ್ನು ನೋಡಲಾಗಲಿಲ್ಲ.

“ಕುಡಿಯಪ್ಪಾ,” ಎಂದಳು. “ಈ ಮನೇಲಿ ಯಾರ ಬಟ್ಟಲೂ ತಣ್ಣಗಾಗಿಲ್ಲ. ನೀನು ಬಂದ ಕೆಲಸ ಆಯ್ತು ಅಂದ್ಕೋ.”

ಮುಂಜಿರ್ ಒಂದೇ ಗುಟುಕಿಗೆ ಕುಡಿದು ಮುಂದಕ್ಕೆ ಬಾಗಿದ. “ನಾಳೆಯಿಂದ ನಿನ್ನ ಹಳೇ ಜಾಗಕ್ಕೆ ನನ್ನ ಹಾಕಿದಾರೆ. ನನ್ನ ಕೈಲಿ ಆಗಲ್ಲ ಕಣೋ. ಚೀಟಿ ಬರೆದುಕೊಟ್ಟ ಡಾಕ್ಟರ್ ಯಾರು, ಹೇಳು.”

ಬೇಹಿನವನು ಕೇಳುವುದೂ ಇದನ್ನೇ ಅಲ್ಲವೆ! ಹೆಸರು ಹೇಳಿದರೆ ಮೊದಲು ಡಾಕ್ಟರ ಕತ್ತು, ಆಮೇಲೆ ತನ್ನದು.

“ಯಾವ ಚೀಟಿ?” ಎಂದ ಸುಬ್ಹಿ, ಬೀದಿಗೆ ಕೇಳಿಸುವ ಹಾಗೆ. “ನನ್ನ ಕಣ್ಣು ನಿಜವಾಗ್ಲೂ ಹೋಗಿದೆ. ಮೇಲಿನವರು ಕೊಟ್ಟ ಕೆಲಸ ಮಾಡೋಕೆ ಪುಣ್ಯ ಮಾಡಿರಬೇಕು.”

“ನಿಮ್ಮಮ್ಮ ಕುಡಿ ಅಂದ್ರು, ಸುಬ್ಹಿ.”

“ಅವಳಿಗೆ ವಯಸ್ಸಾಯ್ತು.”

ಮುಂಜಿರ್ ಎದ್ದು ಹೋದ. ತಾಯಿ ಅಂದಿನಿಂದ ಮಗನೊಡನೆ ಮಾತು ಬಿಟ್ಟಳು.

ಹತ್ತು ದಿನಗಳ ನಂತರ ಕಾರ್ಖಾನೆಯ ಓಣಿಯಲ್ಲಿ ಎದುರಾದ ಮುಂಜಿರ್ ರಬ್ಬರಿನ ನಿಲುವಂಗಿ ತೊಟ್ಟಿದ್ದ, ಕೊರಳಲ್ಲಿ ವಿಷಾನಿಲ ತಡೆಯುವ ಮುಖವಾಡ ನೇತಾಡುತ್ತಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬೇಹಿನವನನ್ನು ಯಾರೂ ಆ ವಿಷದ ಕೋಣೆಗೆ ದೂಡುವುದಿಲ್ಲ. ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಸುಬ್ಹಿಗೆ ತನ್ನ ಮೇಲೆ ಎಂದೂ ಇಲ್ಲದ ಹೇಸಿಗೆ ಹುಟ್ಟಿತು. ಹಿಂದೆಮುಂದೆ ನೋಡದೆ ಅವನ ತೋಳು ಹಿಡಿದು ಕಿವಿಯಲ್ಲಿ ಉಸುರಿದ:

“ಡಾಕ್ಟರ್ ಲುತ್ಫಿ. ಸೇತುವೆ ಹತ್ತಿರದ ಕಣ್ಣಿನ ಆಸ್ಪತ್ರೆ. ನನ್ನ ಹೆಸರು ಹೇಳು, ಬರೆದುಕೊಡ್ತಾರೆ.”

ಮುಂಜಿರ್ ಹಾವು ತುಳಿದವನಂತೆ ಹಿಂದಕ್ಕೆ ಸರಿದ. ಸುಬ್ಹಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದ.

“ಅವತ್ತು ಹೇಳದವನು ಇವತ್ತು ಹೇಳ್ತಿದೀಯ. ನನ್ನ ಪರೀಕ್ಷೆ ಮಾಡೋಕೆ ಯಾರು ಕಳಿಸಿದ್ರು ನಿನ್ನ?”

“ಯಾರೂ ಇಲ್ಲ ಕಣೋ, ದೇವರಾಣೆ!”

ಮುಂಜಿರ್ ತೋಳು ಕೊಡವಿಕೊಂಡ. ಇಂಥ ಮಾತು ಕೇಳಿಯೂ ಮೇಲಿನವರಿಗೆ ತಿಳಿಸದೆ ಸುಮ್ಮನಿದ್ದವನಿಗೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು. ಭದ್ರತಾ ಅಧಿಕಾರಿಯ ಕೋಣೆಯ ಕಡೆಗೆ ಬಿರಬಿರನೆ ನಡೆದುಬಿಟ್ಟ.